ಟಪ್ಪರ್ ಅಜ್ಜಿಯ ಹಂದಿ

“ಈ ಕಾನೂನು ಮಾಡಿದ ಮಹಾನುಭಾವ ಜನ್ಮದಲ್ಲಿ ಒಂದು ಹಂದಿ ಕೂಡ ನೋಡಿಲ್ಲ ಸ್ವಾಮಿ!” ಎಂದು ವಕೀಲ ಅಸಾಹೆಲ್ ಪ್ರೂಯಿಟ್ ಮೇಜು ಗುದ್ದಿದ. ಆವತ್ತು ಹೋಟೆಲಿನ ಊಟದ ಕೋಣೆಯೇ ನ್ಯಾಯಾಲಯ, ಊರ ಕಮ್ಮಾರನೇ ನ್ಯಾಯಾಧೀಶ. ಜ್ಯೂರಿಯ ಆರು ಮಂದಿಯೂ ಜೋಳದ ರೈತರು. ಕಿವಿಗೆ ತಮ್ಮ ತಮ್ಮ ಗುರುತು ಕತ್ತರಿಸಿ ಕಾಡಿಗೆ ಬಿಟ್ಟ ಹಂದಿಗಳು ಅವರಿಗೂ ಇದ್ದವು. ಅವರು ತಂಬಾಕು ಅಗಿಯುವುದನ್ನು ನಿಲ್ಲಿಸಿ ತಲೆದೂಗಿದರು.

ಪೇಟೆ ಬೀದಿಯಲ್ಲಿ ಅಲೆಯುವ ಹಂದಿ ಅದನ್ನು ಹಿಡಿದವನ ಪಾಲು ಎಂಬುದು ಆ ಹೊಸ ಕಾನೂನು. ಚರ್ಮ ಹದಮಾಡುವ ಗ್ರಿಗ್ಸ್ ಅದನ್ನೇ ಹಿಡಿದುಕೊಂಡು, ವಿಧವೆ ಟಪ್ಪರ್ ಅಜ್ಜಿಯ ಹೆಣ್ಣು ಹಂದಿಯನ್ನು ತನ್ನ ಕೊಟ್ಟಿಗೆಯಲ್ಲಿ ಕಟ್ಟಿಹಾಕಿದ್ದ. ಅಜ್ಜಿಗೆ ಚಳಿಗಾಲಕ್ಕೆ ಇದ್ದ ಮಾಂಸವೆಂದರೆ ಅದೊಂದೇ. ಅದನ್ನು ಬಿಡಿಸಿಕೊಡಲು ಅವಳು ಅಸಾಹೆಲನನ್ನು ವಕೀಲನಾಗಿ ಹಿಡಿದಿದ್ದಳು.

ಅಸಾಹೆಲನ ಸಂಕಟ ಬೇರೆಯೇ ಇತ್ತು. ಹೋದ ಚಳಿಗಾಲ ರಾಜಧಾನಿಯಲ್ಲಿ, ವ್ಯಾಪಾರಿಗಳು ಬಡಿಸಿದ ಕಡಲ ಸಿಂಪಿಯ ಭಾರಿ ಊಟವನ್ನು ಹೊಟ್ಟೆ ತುಂಬ ತಿಂದು, ಹಂದಿಗಳ ದೆಸೆಯಿಂದ ಹೆಂಗಸರ ಲಂಗ ಕೆಸರಾಗುವುದನ್ನು ಒಂದು ಗಂಟೆ ವರ್ಣಿಸಿ ಈ ಕಾನೂನು ತಂದ ಶಾಸಕ ಅವನೇ. ಸೋಮವಾರ ಮತ್ತೆ ಚುನಾವಣೆ. ಆ ಭಾಷಣ ಇಲ್ಲಿಯ ಕೆಸರು ದಾರಿ ದಾಟಿ ಊರಿಗೆ ಬಂದಿರಲಾರದೆಂದು ಅವನು ದೇವರ ಮೇಲೆ ಭಾರ ಹಾಕಿದ್ದ.

“ಅದನ್ನ ಮಾಡಿದೋನ ತಲೇಲಿ ಮೆದುಳಿಲ್ಲ, ಬರೀ ಹೊಟ್ಟು!” ಎಂದು ಇನ್ನೂ ಜೋರಾಗಿ ಕೂಗಿದ.

ಗ್ರಿಗ್ಸ್ ನಿಧಾನವಾಗಿ ಎದ್ದು ಜೇಬಿನಿಂದ ಹಳೆಯ ಪತ್ರಿಕೆಯೊಂದನ್ನು ಬಿಚ್ಚಿದ. “ಕಮ್ಮಾರಣ್ಣ, ರಾಜಧಾನಿಯಿಂದ ಬೂಟು ಸುತ್ತಿಕೊಂಡು ಬಂದಿದ್ದ ಕಾಗದ ಇದು. ಆ ಹೊಟ್ಟು ತಲೆಯೋರ ಹೆಸರು ಇದರಲ್ಲೈತೆ. ಓದ್ಲಾ?”

“ಓದು.”

“ಮಾನ್ಯ ಅಸಾಹೆಲ್ ಪ್ರೂಯಿಟ್.”

ಜ್ಯೂರಿಯ ಆರೂ ತಲೆಗಳು ಅಸಾಹೆಲನತ್ತ ತಿರುಗಿದವು. ಅಜ್ಜಿ ಬಾಯಿ ಬಿಟ್ಟುಕೊಂಡು ಅವನನ್ನೇ ನೋಡುತ್ತಿದ್ದಳು. ಇನ್ನು ಮುಚ್ಚಿಟ್ಟು ಪ್ರಯೋಜನವಿಲ್ಲವೆಂದು ಅವನು ಕೋಟಿನ ಗುಂಡಿ ಹಾಕಿಕೊಂಡ.

“ಹೌದು ಸ್ವಾಮಿ, ನಾನೇ. ಅದೆಂಥ ದಡ್ಡ ಕಾನೂನು ಅಂತ ನನಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರುತ್ತೆ?”

ಮೊದಲು ನಕ್ಕವನು ಜ್ಯೂರಿಯ ಹಿರಿಯ ಸ್ಟೌಟ್. ಆಮೇಲೆ ಬೆಂಚೇ ಅಲುಗಾಡಿತು. ಐದು ನಿಮಿಷದಲ್ಲಿ ತೀರ್ಪಾಯಿತು: ಹಂದಿ ಅಜ್ಜಿಯದೇ. “ತಪ್ಪು ಮಾಡ್ದೆ ಅಂತ ಬಾಯಿಬಿಟ್ಟು ಹೇಳಿದ ಶಾಸಕನ್ನ ನಾನು ನೋಡ್ತಿರೋದು ಇದೇ ಮೊದಲು,” ಎಂದ ಸ್ಟೌಟ್. “ನಮ್ಮ ಓಟು ಇವರಿಗೇ. ಹೋಗಿ ಆ ಕಾನೂನನ್ನ ಕಿತ್ತಾಕಿ ಬರಲಿ.”

ಸಂಜೆ ಅಸಾಹೆಲ್ ಶಿಳ್ಳೆ ಹಾಕಿಕೊಂಡು ಮನೆಗೆ ಬಂದ. ಹೆಂಡತಿ ಲವೀನಿಯಾ ಪೊರಕೆ ಹಿಡಿದು ತೋಟದಲ್ಲಿ ನಿಂತಿದ್ದಳು. ಬಿಡುಗಡೆಯಾದ ಹಂದಿ ಬೇಲಿ ಮುರಿದು ನುಗ್ಗಿ, ಅವಳು ಬೇಸಿಗೆಯಿಡೀ ನೀರು ಹೊತ್ತು ಬೆಳೆಸಿದ ಎಲೆಕೋಸನ್ನು ಸಾಲು ಹಿಡಿದು ಮೇಯುತ್ತಿತ್ತು.

“ಏನ್ರೀ ಸುಮ್ನೆ ನೋಡ್ತಾ ನಿಂತ್ರಿ? ನಿಮ್ಮದೇ ಕಾನೂನಿದೆಯಲ್ಲ, ಹಿಡಿದು ಕಟ್ಟಿಹಾಕಿ!”

ಅಸಾಹೆಲ್ ಅವಳ ಕೈಯಿಂದ ಪೊರಕೆ ಕಿತ್ತುಕೊಂಡು ಮೇಲೆತ್ತಿದ. ಅಷ್ಟರಲ್ಲಿ ಬೇಲಿಯಾಚೆ ಯಾರೋ ತಂಬಾಕು ಉಗಿದ ಸದ್ದಾಯಿತು. ನ್ಯಾಯ ಮುಗಿಸಿ ಮನೆ ಕಡೆ ಹೊರಟಿದ್ದ ಆ ಆರೂ ಜನ ಬೇಲಿಗೆ ಮೊಣಕೈ ಊರಿ ಅವನನ್ನೇ ನೋಡುತ್ತಿದ್ದರು.

ಅಸಾಹೆಲ್ ಪೊರಕೆ ಇಳಿಸಿದ. ಟೋಪಿ ತೆಗೆದು ಅವರಿಗೆ ವಂದಿಸಿದ. ಆಮೇಲೆ ಬಗ್ಗಿ, ಚೆನ್ನಾಗಿ ಬಲಿತ ಒಂದು ಕೋಸನ್ನು ಕಿತ್ತು, ಹಂದಿಯ ಮುಂದಿಟ್ಟ.