ಸ್ವಲ್ಪ ಎಡಕ್ಕೆ

"ಇನ್ನೂ ಸ್ವಲ್ಪ ಎಡಕ್ಕೆ ಸರಿ ಡೋರೀನ್, ಚಕ್ರಕ್ಕೆ ಅಡ್ಡ ನಿಂತಿದ್ದೀಯ," ಎಂದ ಕ್ಲೈವ್, ಕ್ಯಾಮೆರಾದಿಂದ ಕಣ್ಣು ತೆಗೆಯದೆ. ಡೋರೀನ್ ಸರಿದಳು. ಅವಳ ಬೆನ್ನ ಹಿಂದೆ ಹಸಿರು ಉಗಿ ಎಂಜಿನ್ ಬುಸುಗುಡುತ್ತಿತ್ತು. ಅವಳನ್ನು ಮದುವೆಯಾದ ಮೇಲಿನ ಭಾನುವಾರಗಳನ್ನೆಲ್ಲ ಕ್ಲೈವ್ ಅದರ ತುಕ್ಕು ಕೆರೆಯುವುದರಲ್ಲೇ ಕಳೆದಿದ್ದ. ಇವತ್ತು ಅದು ಮತ್ತೆ ಓಡಲಿತ್ತು. ಯಾರ್ಕ್‌ಶೈರಿನ ಆ ಪುಟ್ಟ ನಿಲ್ದಾಣದಲ್ಲಿ ಕಾಲಿಡಲು ಜಾಗವಿರಲಿಲ್ಲ.

"ಯಾರ ಹತ್ರಾನಾದ್ರೂ ನಮ್ಮಿಬ್ರದ್ದೂ ಒಂದು ಫೋಟೋ ತೆಗೆಸೋಣ್ವಾ?" ಎಂದಳು.

"ಆಮೇಲೆ ನೋಡೋಣ. ಈಗ ಬಿಸಿಲು ಚೆನ್ನಾಗಿದೆ. ನಿನ್ನ ನೆರಳು ಅವಳ ಹೆಸರಿನ ಮೇಲೆ ಬೀಳ್ತಿದೆ ನೋಡು." ಎಂಜಿನ್ ಅವನಿಗೆ ಯಾವತ್ತೂ "ಅವಳು".

ಕ್ಲೈವ್ ಹತ್ತಿರ ಬಂದ. ಡೋರೀನ್ ಹೆಣೆದುಕೊಟ್ಟಿದ್ದ ಉಣ್ಣೆಯ ಶಾಲನ್ನು ತನ್ನ ಕುತ್ತಿಗೆಯಿಂದ ತೆಗೆದು, ಎಂಜಿನ್ನಿನ ಹಿತ್ತಾಳೆಯ ಹೆಸರುಫಲಕ ಒರೆಸಿದ. ಒರೆಸಿಯಾದ ಮೇಲೂ ಅವನ ಅಂಗೈ ಅಲ್ಲೇ, ಕೆನ್ನೆಯ ಮೇಲಿಟ್ಟ ಹಾಗೆ, ನಿಂತಿತು. ಕಬ್ಬಿಣದ ಮೇಲೆ ಹೊಟ್ಟೆಕಿಚ್ಚು ಪಡುವಂತಾಯಿತಲ್ಲ ಎಂದು ಡೋರೀನಳಿಗೆ ನಾಚಿಕೆಯಾಯಿತು.

ಅವನು ಹಿಂದೆ ಹೋಗಿ ಮತ್ತೆ "ಎಡಕ್ಕೆ" ಎಂದ. ಡೋರೀನ್ ಎಡಕ್ಕೆ ನಡೆದಳು. ಈ ಸಲ ನಿಲ್ಲಲಿಲ್ಲ. ಜನರ ನಡುವೆ ದಾರಿ ಮಾಡಿಕೊಂಡು ಗೇಟಿನವರೆಗೂ ಹೋದಳು.

"ಹಾಂ, ಹಾಗೇ! ಎಷ್ಟು ಚೆಂದ ಕಾಣ್ತಿದ್ದೀಯ, ನನ್ನ ರಾಣಿ!"

ಅವಳು ಗಕ್ಕನೆ ತಿರುಗಿದಳು. ತುಟಿಯ ಮೇಲೆ ನಗು ಮೂಡಿಯೇಬಿಟ್ಟಿತ್ತು. ಕ್ಲೈವನ ಕ್ಯಾಮೆರಾ ಎಂಜಿನ್ನಿನ ಕಡೆಗಿತ್ತು.

"ಅವ್ರು ನಿಮ್ಮ ಯಜಮಾನ್ರಾ?" ಎಂದು ಗೇಟಿನಲ್ಲಿ ಟಿಕೆಟ್ ಹರಿಯುತ್ತಿದ್ದ ಹೆಂಗಸು ಕೇಳಿದಳು.

"ಅಲ್ಲಮ್ಮ, ಅವಳ ಯಜಮಾನ್ರು," ಎಂದು ಡೋರೀನ್ ಎಂಜಿನ್ನಿನತ್ತ ಕೈತೋರಿಸಿ, ಚೀಲದಲ್ಲಿ ಕಾರಿನ ಕೀಲಿ ಹುಡುಕತೊಡಗಿದಳು.