ಮೀನಿನ ಕೋಣೆಗೆ ಬೀಗ

ಮೀನಿನ ತೊಟ್ಟಿಗೆ ಅದ್ದಿದ ಕೆಂಪು ಲಿಟ್ಮಸ್ ಕಾಗದ ಮತ್ತೆ ನೀಲಿಯಾಯಿತು. ಹುಲಗಪ್ಪ ಅದನ್ನು ಹೆಂಡತಿಯ ಮುಖದೆದುರು ಹಿಡಿದ.

"ನೀರಾಗ ಸುಣ್ಣ ಅದ, ನೋಡು. ಬೋರಿನ ನೀರು ಹಾಕಿದಿ ಹೌದಿಲ್ಲೋ?"

"ನಾ ಯಾಕ ಹಾಕ್ಲಿರಿ?" ಶೇಖಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ದಿನಾ ಅದರಾಗ ಕೈ ಆಡಿಸೋರು ಯಾರು, ನೀವೇ ಹೇಳ್ರಿ."

ಹುಲಗಪ್ಪನಿಗೆ ಮೈಯೆಲ್ಲ ಉರಿಯಿತು. ಶಹಾಪುರದ ಬಸ್ ನಿಲ್ದಾಣದ ಹಿಂದೆ ಅವನದು ಪಂಪ್‌ಸೆಟ್ ರಿಪೇರಿ ಅಂಗಡಿ. ಕಾಲುವೆ ಬಂದ ಮೇಲೆ ಊರಿಗೂರೇ ಭತ್ತದ ಹಿಂದೆ ಬಿದ್ದರೆ, ಈ ಪುಣ್ಯಾತ್ಮ ಹೈದರಾಬಾದಿನಿಂದ ತಂದ ನಿಯಾನ್ ಟೆಟ್ರಾ ಮೀನಿನ ಹಿಂದೆ ಬಿದ್ದಿದ್ದ. ಹಸಿಮೆಣಸಿನಕಾಯಿಯ ತುಂಡಿನಷ್ಟು ಮೀನು. ಕಾಡುಬಾದಾಮಿಯ ಒಣ ಎಲೆ ನೆನೆಸಿ, ಚಹಾದ ಬಣ್ಣಕ್ಕೆ ತಂದ ನೀರಿನಲ್ಲೇ ಅವು ಮರಿ ಮಾಡಬೇಕು. ಸುಣ್ಣದಂಶ ಸೇರಿದರೆ ಮೊಟ್ಟೆ ಕೆಟ್ಟವೆಂದೇ ಲೆಕ್ಕ. ಬೋರಿನ ನೀರು ತುಂಬಿದರೆ ಕೊಡದ ತಳಕ್ಕೇ ಬಿಳಿ ಪದರ ಕಟ್ಟುತ್ತದೆ. ಕಾಲುವೆ ನೀರಿನಲ್ಲಿ ಗದ್ದೆಗೆ ಹೊಡೆದ ಔಷಧ. ಅದಕ್ಕೇ ಮಾಳಿಗೆಯ ಮೇಲೆ ತಾಡಪತ್ರಿ ಕಟ್ಟಿ, ಮಳೆನೀರನ್ನು ಡ್ರಮ್ಮಿಗೆ ಹಿಡಿದಿದ್ದ.

ಆದರೂ ಪ್ರತಿ ಸಲ ಮೊಟ್ಟೆಗೆ ಬಿಳಿ ಬೂಷ್ಟು. ಈಗ ಗಂಡು ಮೀನುಗಳ ಜೊತೆ ಉಳಿದದ್ದು ಒಂದೇ ಹೆಣ್ಣು ಮೀನು, ಹೊಟ್ಟೆಯಲ್ಲಿ ಮೊಟ್ಟೆ ತುಂಬಿದ್ದು. ಇದೂ ಕೈತಪ್ಪಿದರೆ ಇಷ್ಟು ವರ್ಷದ ಒದ್ದಾಟ ಮಣ್ಣುಪಾಲು.

ಅಂಗೈಯಲ್ಲಿ ತಂಬಾಕು ತಿಕ್ಕುತ್ತ ತೊಟ್ಟಿಯ ಮುಂದೆ ಕೂತ. ಬಾಯಿಗಿಟ್ಟುಕೊಂಡು, ತೇಲುವ ಎಲೆ ಸರಿಸಿ ಮೀನನ್ನು ನೋಡಿದ. ಡ್ರಮ್ಮಿನ ನೀರಿಗೆ ಅದ್ದಿದ ಕಾಗದ ಕೆಂಪಗೇ ಇರುತ್ತದೆ. ತೊಟ್ಟಿಗೆ ಬಂದ ಮೇಲೆ ನೀಲಿ. ಅಂದರೆ ಕಳ್ಳಾಟ ಮನೆಯೊಳಗಿನದೇ. ಮನೆಯಲ್ಲಿರುವುದು ಇಬ್ಬರು.

"ನಿನಗ ಈ ಮೀನು ಕಂಡ್ರ ಆಗಂಗಿಲ್ಲ."

"ಮೀನು ನನಗೇನು ಮಾಡ್ಯಾವ್ರಿ? ನಿಮ್ಮ ಅನುಮಾನ ಕಂಡ್ರ ಆಗಂಗಿಲ್ಲ." ಶೇಖಮ್ಮ ಹಿಟ್ಟಿನ ಕೈ ತೊಳೆದು ಚೀಲಕ್ಕೆ ಸೀರೆ ತುಂಬಿದಳು. "ನಾ ಇಲ್ಲದಾಗ ಮರಿ ಮಾಡಿಸ್ರಿ, ನೋಡೂಣು."

ಸುರಪುರದ ಬಸ್ಸು ಹತ್ತಿ ತವರಿಗೆ ಹೋದಳು. ಹುಲಗಪ್ಪ ತಡೆಯಲಿಲ್ಲ. ಪೀಡೆ ತೊಲಗಿತು ಅಂದುಕೊಂಡ.

ತೊಟ್ಟಿ ತೊಳೆದ. ಹೊಸ ಮಳೆನೀರು ತುಂಬಿದ, ಹೊಸ ಎಲೆ ಹಾಕಿದ. ಕಾಗದ ಕೆಂಪಗೇ ಉಳಿಯಿತು. ಕೋಣೆಗೆ ಬೀಗ ಹಾಕಿ ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡ. ಆ ವಾರವೇ ಹೆಣ್ಣು ಮೀನು ಮೊಟ್ಟೆಯಿಟ್ಟಿತು. ಗಾಜಿನ ಹರಳಿನಂಥ ಮೊಟ್ಟೆಗಳು! ಅವನ್ನು ತಿಂದುಬಿಡಬಾರದೆಂದು ದೊಡ್ಡ ಮೀನುಗಳನ್ನು ಹಿಡಿದು ಬೇರೆ ಬರಣಿಗೆ ಬಿಟ್ಟ. ಖುಷಿ ತಡೆಯಲಾರದೆ ಒಂದಿಷ್ಟು ತಂಬಾಕು ಹಾಕಿಕೊಂಡು, ಎಲೆ ಎತ್ತಿ ಕಣ್ತುಂಬ ನೋಡಿ, ಬೀಗ ಜಗ್ಗಿ ಅಂಗಡಿಗೆ ಹೋದ.

ಮರುದಿನ ಮೊಟ್ಟೆಗಳೆಲ್ಲ ಬೆಳ್ಳಗೆ ಬೂಷ್ಟು ಹಿಡಿದಿದ್ದವು. ಕಾಗದ ಅದ್ದಿದ. ನೀಲಿ.

ಹುಲಗಪ್ಪನಿಗೆ ಅಳು ಬಂತು. ಬೀಗ ನೋಡಿದ, ಗಟ್ಟಿಯಾಗೇ ಇತ್ತು. ಕಿಟಕಿಗೆ ಒಳಗಿಂದ ಅಗಳಿ. ಯಾರು ಬಂದರು, ಎಲ್ಲಿಂದ ಬಂದರು? ತಲೆ ಕೆಟ್ಟುಹೋಗಿ ಕೂತು, ಎಂದಿನಂತೆ ತಂಬಾಕಿನ ಚೀಲ ಬಿಚ್ಚಿದ. ಡಬ್ಬಿಯ ಸುಣ್ಣವನ್ನು ಹೆಬ್ಬೆರಳಿನಿಂದ ಬಳಿದು ಅಂಗೈಯಲ್ಲಿ ಗಸಗಸ ತಿಕ್ಕಿ ಬಾಯಿಗಿಟ್ಟ. ಆಮೇಲೆ ಸತ್ತ ಮೊಟ್ಟೆಗಳನ್ನು ತೆಗೆಯಲು ತೊಟ್ಟಿಗೆ ಕೈ ಇಳಿಬಿಟ್ಟ.

ಚಹಾ ಬಣ್ಣದ ನೀರಿನಲ್ಲಿ ಅವನ ಹೆಬ್ಬೆರಳಿನಿಂದ ಬೆಳ್ಳನೆಯ ಎಳೆಯೊಂದು ಮೆಲ್ಲಗೆ ಬಿಚ್ಚಿಕೊಂಡಿತು.

ಬೈಯಲು ಮನೆಯಲ್ಲಿ ಮತ್ತೊಬ್ಬರಿರಲಿಲ್ಲ.