ಬ್ಯಾಚ್ ಫುಲ್

ಎಲ್ಲಾ ಸರಿಹೋಯ್ತು ಎಂದಷ್ಟೇ ಹೇಳಿ, ಕೊಟ್ಟ ಕಾಫಿ ಕುಡಿದು ಎದ್ದಿದ್ದರೆ ಅಭಿನಂದನನ ಭಾನುವಾರ ನೆಮ್ಮದಿಯಾಗಿ ಕಳೆಯುತ್ತಿತ್ತು. ಪುಣ್ಯಾತ್ಮ, ಪೂರ್ತಿ ಬಾಯಿಬಿಟ್ಟ.

ಚಾಮರಾಜಪೇಟೆಯ ಆ ಮನೆಯ ಗೇಟಿಗೆ 'ಮಹಿಳೆಯರ ಹೊಲಿಗೆ ತರಗತಿ' ಎಂಬ ಬೋರ್ಡಿತ್ತು. ಕಲಿಯಲು ಯಾರೇ ಬಂದರೂ ಆ ಮನೆ ನಡೆಸುತ್ತಿದ್ದ ಪಾರ್ವತಮ್ಮ 'ಬ್ಯಾಚ್ ಫುಲ್ ಆಗಿದೆಯಮ್ಮ' ಎಂದು ಸಾಗಹಾಕುತ್ತಿದ್ದರು. ಒಳಗೆ ಹೊಲಿಗೆಯೂ ಇಲ್ಲ, ಮಣ್ಣೂ ಇಲ್ಲ. ಇದ್ದವರು ಗಂಡನ ಹೊಡೆತ ತಾಳಲಾರದೆ ಓಡಿಬಂದ ಹೆಂಗಸರು. ಅವರ ಹೆಸರು, ಈ ಮನೆಯ ವಿಳಾಸ ಎಲ್ಲ ಕಂಪ್ಯೂಟರಿನ ಡೇಟಾಬೇಸಿನಲ್ಲಿ ಗುಟ್ಟಾಗಿತ್ತು. ಅದನ್ನು ಪುಕ್ಕಟೆಯಾಗಿ ನೋಡಿಕೊಳ್ಳುತ್ತಿದ್ದವನು ಅಭಿನಂದನ್.

ಪ್ರೋಗ್ರಾಮಿಗೂ ಡೇಟಾಬೇಸಿಗೂ ನಡುವೆ ಓಡಾಡುವ 'ಡ್ರೈವರ್' ಎಂಬ ತಂತ್ರಾಂಶದಲ್ಲಿ ದೋಷವಿದೆ, ಕೈಚಳಕ ಗೊತ್ತಿದ್ದವರು ಪಾಸ್‌ವರ್ಡ್ ಇಲ್ಲದೆಯೇ ಎಲ್ಲವನ್ನೂ ಓದಬಹುದು ಎಂದು ಬೆಳಿಗ್ಗೆ ಎಚ್ಚರಿಕೆ ಬಂದಿತ್ತು. ತಕ್ಷಣ ಹೊಸದನ್ನು ಹಾಕಿದೆ, ಯಾರೂ ನುಗ್ಗಿದ ಗುರುತಿಲ್ಲ ಎಂದು ಅವನು ಪಾರ್ವತಮ್ಮನಿಗೆ ವಿವರಿಸಿದ.

"ಯಾರೂ ಬಂದಿಲ್ವೋ, ಇಲ್ಲಾ ಬಂದಿದ್ರೂ ನಿನಗೆ ಗೊತ್ತಾಗಲ್ವೋ?"

ಅಭಿನಂದನ್ ಲೋಟ ಕೆಳಗಿಟ್ಟ. "ಗೊತ್ತಾಗಲ್ಲ ಮೇಡಂ."

ಪಾರ್ವತಮ್ಮ ರೇಗಲಿಲ್ಲ. ಎದ್ದುಹೋಗಿ ಎಲ್ಲರಿಗೂ ಬಟ್ಟೆಬರೆ ಕಟ್ಟಿಕೊಳ್ಳಲು ಹೇಳಿದರು. ಅಪಾಯ ಸಾವಿರಕ್ಕೊಂದು ಪಾಲೂ ಇರಲಾರದು ಎಂದು ಅವನು ಗೋಗರೆದದ್ದು ಅವರ ಕಿವಿಗೇ ಬೀಳಲಿಲ್ಲ.

ಬಂದಾಗಿನಿಂದ ಬ್ಯಾಗು ಬಿಚ್ಚದೆ ಮಂಚದ ಕೆಳಗೇ ಇಟ್ಟುಕೊಂಡಿದ್ದ ಲಾಸ್ಯಾ ಮೊನ್ನೆಯಷ್ಟೇ ಸೀರೆಗಳನ್ನು ಬೀರುವಿಗೆ ಸೇರಿಸಿದ್ದಳು. ಈಗ ಮತ್ತೆ ಮಡಚಿ ತುಂಬುತ್ತಿದ್ದಳು. ಅಭಿನಂದನ್ ಅವಳ ಬಳಿ ಹೋದ. ಸುಮ್ಮನೆ ಹೆದರಿಸಿಬಿಟ್ಟೆನೇನೋ ಎಂದ.

"ನಿದ್ದೆ ಹೋದ್ರೆ ಹೋಯ್ತು ಬಿಡಿ ಸರ್," ಎಂದಳು ಅವಳು. "ಬಾಗಿಲು ತೆಗೆದಿತ್ತು ಅಂತ ಗೊತ್ತಾಯ್ತಲ್ಲ."

ಮಧ್ಯಾಹ್ನ ವ್ಯಾನು ಬಂದು ಎಲ್ಲರನ್ನೂ ಕರೆದೊಯ್ದಿತು. ಎಲ್ಲಿಗೆ ಎಂದು ನಾನೂ ಬರೆಯುವುದಿಲ್ಲ.

ಮನೆ ಮಾಲೀಕರಿಗೆ ಬೀಗದ ಕೈ ಕೊಡಲು ಅಭಿನಂದನ್ ಒಬ್ಬನೇ ಉಳಿದ. ಸಂಜೆ ಗೇಟು ಸದ್ದಾಯಿತು. ಇಸ್ತ್ರಿ ಮಾಡಿದ ಷರಟು ತೊಟ್ಟ ಗಂಡಸೊಬ್ಬ ನಗುತ್ತಾ ನಿಂತಿದ್ದ. ಹೆಂಡತಿಗೆ ಹೊಲಿಗೆ ಕಲಿಸಬೇಕಂತೆ, ಒಳಗೆ ಒಂದ್ಸಲ ನೋಡಬಹುದಾ ಅಂತ ಕೇಳಿದ.

"ಬ್ಯಾಚ್ ಫುಲ್ ಆಗಿದೆ," ಎಂದ ಅಭಿನಂದನ್.

ಆ ಮನುಷ್ಯ ಕಿಟಕಿಗಳನ್ನೆಲ್ಲ ಒಂದೊಂದಾಗಿ ನೋಡಿ, ಆಗಲಿ ಎಂದು ಹೊರಟುಹೋದ. ಹೊಲಿಗೆ ವಿಚಾರಿಸಲೆಂದೇ ಬಂದವನೋ, ಏನು ಕಥೆಯೋ, ತಿಳಿಯುವ ಬಗೆಯಿರಲಿಲ್ಲ. ಅಭಿನಂದನ್ ಒಳಗೆ ಬಂದು, ಖಾಲಿ ಮನೆಯ ಬಾಗಿಲಿಗೆ ಅಗಣಿ ಹಾಕಿಕೊಂಡ.